ಪೇಂಟ್ ಬಕೆಟ್‌ನ ಅಂಜೂರ

ಏಪ್ರಿಲ್‌ನ ಒಂದು ಬೆಳಗ್ಗೆ ಬಾಲ್ಕನಿ ಬಾಗಿಲು ತೆಗೆದರೆ ಅಂಜೂರದ ಹಣ್ಣು ಅರ್ಧ ಇರಲಿಲ್ಲ. ತೊಟ್ಟು, ಮೇಲಿನ ಸಿಪ್ಪೆ ಗಿಡದಲ್ಲೇ ಇದ್ದವು. ಕಂಬಿಯ ಮೇಲೆ ಪಿಕಳಾರ ಕೂತು ಕೊಕ್ಕು ಒರೆಸಿಕೊಳ್ಳುತ್ತಿತ್ತು. ಎರಡು ವರ್ಷ ಕಾದಿದ್ದು ನಾನು, ತಿಂದದ್ದು ಅದು!

ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ, ಮೂರನೇ ಮಹಡಿ. ದಿವೆ ಘಾಟ್ ದಾಟಿ ಸಾಸವಡ್ ಕಡೆ ಹೋದಾಗ ಒಬ್ಬ ರೈತರು ಬೆರಳುದಪ್ಪದ ಕಡ್ಡಿ ಕೊಟ್ಟಿದ್ದರು. ಅದು ಪುರಂದರ ತಾಲೂಕು. ನಮಗೆ ಪುರಂದರ ಅಂದರೆ ದಾಸರು, ಇಲ್ಲಿಯವರಿಗೆ ಅಂಜೂರ. 2016ರಲ್ಲಿ ಅದಕ್ಕೆ ಜಿಐ ಟ್ಯಾಗೂ (ಊರಿನ ಹೆಸರಿಗೆ ಸಿಗುವ ಕಾನೂನಿನ ಗುರುತು) ಸಿಕ್ಕಿದೆ. ಬೇಸಿಗೆಯ ಸಿಹಿ ಬೆಳೆಗೆ ಮೀಠಾ ಬಹಾರ್, ಮಳೆಗಾಲದ ಹುಳಿ ಬೆಳೆಗೆ ಖಟ್ಟಾ ಬಹಾರ್ ಅಂತಾರೆ.

ಕಡ್ಡಿ ಚಿಗುರಿತು, ಬೆಳೆಯಿತು. ಎರಡನೇ ಚಳಿಗಾಲಕ್ಕೆ ಎಲೆಯೆಲ್ಲ ಉದುರಿ ಬೋಳಾಯಿತು. ಧಾರವಾಡದಿಂದ ಬಂದಿದ್ದ ಅವ್ವ, "ಒಣ ಕಟಗಿಗೆ ನೀರು ಹಾಕಾಕತ್ತೀಯಲ್ಲ, ಹುಚ್ಚ ಹಿಡದೈತೇನ ನಿನಗ?" ಅಂದಳು. ಉಗುರಿನಿಂದ ತೊಗಟೆ ಕೆರೆದೆ. ಒಳಗೆ ಹಸಿರು! ಆ ಧೈರ್ಯದಲ್ಲೇ ತುದಿ ಕತ್ತರಿಸಿದೆ. ಬಿಳಿ ಹಾಲು ಸುರಿದು ಬೆರಳಿಗೆಲ್ಲ ಅಂಟಿತು, ಸಂಜೆವರೆಗೂ ತುರಿಕೆ.

ಹಾಕಿದ ನೀರು ಸರ್ರನೆ ಕೆಳಗಿಳಿದು ಹೋಗುತ್ತಿತ್ತು. ಕುಂಡ ಬಗ್ಗಿಸಿ ಗಿಡ ಎಳೆದರೆ ಮಣ್ಣಿಗಿಂತ ಬೇರೇ ಜಾಸ್ತಿ, ಸಿಂಬಿಯ ಹಾಗೆ ಸುತ್ತಿಕೊಂಡಿತ್ತು. ಸುತ್ತಲಿನ ಬೇರು ಸ್ವಲ್ಪ ಸವರಿ, 20 ಲೀಟರಿನ ಪೇಂಟ್ ಬಕೆಟ್‌ಗೆ ತೂತು ಕೊರೆದು, ಸಗಣಿ ಗೊಬ್ಬರ ಬೆರೆಸಿ ನೆಟ್ಟೆ. ಅಂಜೂರ ಬಿಡುವುದು ಹೆಚ್ಚಾಗಿ ಹೊಸ ಚಿಗುರಿನಲ್ಲಿ. ಫೆಬ್ರವರಿ ಮುಗಿಯುವ ಹೊತ್ತಿಗೆ ಎಲೆಯ ಕಂಕುಳಲ್ಲಿ ಬಟಾಣಿಯಷ್ಟು ಕಾಯಿ. ಒಟ್ಟು ನಾಲ್ಕು.

ಪಿಕಳಾರ ಒಂದನ್ನು ಮುಗಿಸಿದ ದಿನ ಗಾಬರಿಯಾಗಿ ಎರಡನ್ನು ಕಿತ್ತು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟೆ. ಮೂರು ದಿನ ಬಿಟ್ಟು ನೋಡಿದರೆ ರಬ್ಬರಿನ ಹಾಗೆ ಸುಕ್ಕುಗಟ್ಟಿದ್ದವು. ಮಂಡಿಯಲ್ಲಿ ಹಣ್ಣು ಮಾರುವವನಿಗೆ ಹೇಳಿದರೆ ನಕ್ಕುಬಿಟ್ಟ. "ಅಹೋ, ಹಾ ಆಂಬಾ ನಾಹಿ!" ಅಲ್ರೀ, ಇದು ಮಾವಿನಹಣ್ಣಲ್ಲ ಅಂತ. ಕಿತ್ತ ಮೇಲೆ ಅಂಜೂರ ಹಣ್ಣಾಗುವುದಿಲ್ಲವಂತೆ. ಇದನ್ನು ಮೊದಲೇ ಕೇಳಬಹುದಿತ್ತು, ಅಲ್ವಾ?

ಉಳಿದ ಒಂದಕ್ಕೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿದೆ. ಪಿಕಳಾರ ದಿನಾ ಬಂದು ಸುತ್ತ ಹಾರಿ ಬೈದು ಹೋಗುತ್ತಿತ್ತು. ಆರನೇ ದಿನ ಹಣ್ಣಿನ ಕುತ್ತಿಗೆ ಬಾಗಿತು. ಸಿಪ್ಪೆ ಸಣ್ಣಗೆ ಬಿರಿದು, ಕೆಳಗಿನ ಕಣ್ಣಿನಲ್ಲಿ ಜೇನಿನಂಥ ಒಂದು ಹನಿ ನಿಂತಿತ್ತು. ಮುಟ್ಟಿದರೆ ಸಾಕು, ಕೈಗೆ ಬಂತು.

ಬೇಸಿಗೆಗೆ ಮತ್ತೆ ಬಂದಿದ್ದ ಅವ್ವ ಕನ್ನಡಕ ಹಾಕಿಕೊಂಡು ಹಣ್ಣನ್ನು ಎರಡು ಹೋಳು ಮಾಡಿದಳು. ಅತ್ತಿಹಣ್ಣು ಬಿಚ್ಚಿದರೆ ಹುಳ ಅನ್ನೋದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಅತ್ತಿ ಕಾಯಾಗಲು ಸಣ್ಣ ಕಣಜ ಒಳಗೆ ಹೋಗಲೇಬೇಕು, ಪುಣೆಯ ಅಂಜೂರಕ್ಕೆ ಅದು ಬೇಕಾಗಿಲ್ಲ ಅಂತ ಹೇಳಿದೆ. ಅವಳು ನಂಬಲಿಲ್ಲ. ಬೆಳಕಿಗೆ ಹಿಡಿದು ಬೀಜ ಬೀಜವನ್ನೂ ನೋಡಿದಳು. ಆಮೇಲೆ ದೊಡ್ಡ ಹೋಳು ತಾನು ಬಾಯಿಗೆ ಹಾಕಿಕೊಂಡು, ಸಣ್ಣದು ನನಗೆ ಕೊಟ್ಟಳು.