ಹೃದಯಾಘಾತವಾದ ಮೇಲೂ ಮಂಡಿಯ ಕೆಲಸ ಏಕೆ ಬಿಡಲಿಲ್ಲ?

"ಹಾರ್ಟ್ ಅಟ್ಯಾಕ್ ಆದ ಮೇಲೂ ಅದೇ ಮಂಡಿಗೆ ಹೋಗುತ್ತೀರಲ್ಲ ಅಣ್ಣಾ, ಬಿಟ್ಟು ಮನೆಯಲ್ಲಿ ನೆಮ್ಮದಿಯಾಗಿ ಇರಬಾರದೇ?" ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಔಷಧಿ ಅಂಗಡಿಯ ಮುಂದೆ ನನ್ನನ್ನು ಈ ಪ್ರಶ್ನೆ ಕೇಳದವರು ಕಡಿಮೆ. ಕೇಳುವವರಲ್ಲಿ ಅರ್ಧದಷ್ಟು ಮಂದಿ ನನ್ನ ಮೇಲಿನ ಕಾಳಜಿಯಿಂದ ಕೇಳುತ್ತಾರೆ. ಉಳಿದವರು ತಮ್ಮ ಎದೆಯ ಭಯವನ್ನು ನನ್ನ ಮೂಲಕ ಕೇಳಿಕೊಳ್ಳುತ್ತಿರುತ್ತಾರೆ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತದೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನಲ್ಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಒಂದು ಟೊಮೆಟೊ ಮಂಡಿಯಲ್ಲಿ ನಾನು 21 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. 2023ರ ಜುಲೈ ತಿಂಗಳನ್ನು ಈ ಕಡೆಯವರು ಮರೆತಿರಲಾರರು. 15 ಕಿಲೋ ಬಾಕ್ಸಿನ ದರ 2 ಸಾವಿರ ರೂಪಾಯಿ ದಾಟಿತ್ತು. ಒಳ್ಳೆಯ ದರ ಬಂದರೆ ಮಂಡಿಯವರಿಗೆ ಹಬ್ಬ ಎಂದು ಹೊರಗಿನವರು ಭಾವಿಸುತ್ತಾರೆ. ಆದರೆ ಲೆಕ್ಕದವನಿಗೆ ದರ ಏರಿದಷ್ಟೂ ಕೈ ನಡುಗುತ್ತದೆ, ಏಕೆಂದರೆ ಒಂದು ಬಾಕ್ಸ್ ಹೆಚ್ಚುಕಡಿಮೆಯಾದರೆ ಒಬ್ಬ ಹಮಾಲಿಯ ಹಲವು ದಿನಗಳ ಕೂಲಿಯೇ ಹೋದಂತೆ. ಕೋಲಾರದಿಂದ ಜೈಪುರಕ್ಕೆ ಹೊರಟ ಟೊಮೆಟೊ ಲಾರಿಯೊಂದು ದಾರಿಯಲ್ಲಿ ನಾಪತ್ತೆಯಾದ ಸುದ್ದಿ ಬಂದದ್ದೂ ಆ ದಿನಗಳಲ್ಲಿಯೇ. ಅಲ್ಲಿಂದ ಮುಂದೆ ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ನಮ್ಮ ಲಾರಿ ಚಾಲಕರಿಗೆ ಫೋನು ಮಾಡಿ, ಎಲ್ಲಿದ್ದಾರೆ ಎಂದು ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಆಗಸ್ಟ್ ಮೊದಲ ವಾರದ ಒಂದು ಬೆಳಿಗ್ಗೆ, ಹರಾಜು ನಡೆಯುತ್ತಿದ್ದಾಗ, ಎದೆಯ ನಡುವೆ ಯಾರೋ ಕ್ರೇಟು ಇಟ್ಟು ಒತ್ತಿದಂತಾಯಿತು. ದವಡೆ ಸೆಳೆಯಿತು, ಎಡಗೈ ಭಾರವಾಯಿತು, ಅಂಗಿ ಬೆವರಿನಿಂದ ತೊಯ್ದುಹೋಯಿತು. ನಾನು ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ತರಿಸಿ ಕುಡಿದೆ. ಹರಾಜು ಮುಗಿಯಲಿ ಎಂದು ಒಂದೂವರೆ ಗಂಟೆ ಕುರ್ಚಿಯಲ್ಲಿಯೇ ಕುಳಿತಿದ್ದೆ. ಆ ಒಂದೂವರೆ ಗಂಟೆಯಲ್ಲಿ ರಕ್ತ ಸಿಗದೆ ಸತ್ತ ಹೃದಯದ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆಯಾದ ಸ್ಟೆಂಟ್ ಹಾಕಿದ ಮೇಲೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರತಳ್ಳುವ ಪಾಲು ಶೇ 45 ಇತ್ತು. ಸಾಮಾನ್ಯವಾಗಿ ಇದು ಶೇ 55ಕ್ಕಿಂತ ಹೆಚ್ಚಿರಬೇಕು. ನಡುವಿನ ಈ ವ್ಯತ್ಯಾಸ ನನ್ನ ಸೋಡಾ ಬಾಟಲಿಯ ಬೆಲೆ ಎಂದು ನನಗೆ ಈಗಲೂ ಅನಿಸುತ್ತದೆ.

ಆಸ್ಪತ್ರೆಗೆ ನೋಡಲು ಬಂದವರೆಲ್ಲ "ಮಂಡಿಯ ಟೆನ್ಶನ್ ನಿಮಗೆ ಹೀಗೆ ಮಾಡಿತು" ಎಂದರು. ನಾನೂ ಹಾಗೆಯೇ ನಂಬಿದೆ, ಹಾಗೆ ನಂಬುವುದು ಸುಲಭವೂ ಆಗಿತ್ತು. ಆದರೆ ವಾರ್ಡಿನ ವೈದ್ಯರು ನನ್ನ ಮಂಚದ ಬಳಿ ಕುಳಿತು ಕೇಳಿದ ಪ್ರಶ್ನೆಗಳು ಬೇರೆ ಇದ್ದವು. ದಿನಕ್ಕೆ ಎಷ್ಟು ಸಿಗರೇಟು? ಹತ್ತು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ? ಏಳು, ಮಾತ್ರೆ ನೆನಪಾದಾಗ ಮಾತ್ರ. ತಂದೆಗೆ ಹೃದಯದ ಕಾಯಿಲೆ ಇತ್ತೇ? 54ಕ್ಕೆ ತೀರಿಕೊಂಡರು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು ಹೃದಯಾಘಾತಕ್ಕೆ ಗುರುತಿಸಿದ ಒಂಬತ್ತು ಮುಖ್ಯ ಅಂಶಗಳಲ್ಲಿ ಮಾನಸಿಕ ಒತ್ತಡವೂ ಇದೆ, ನಿಜ. ಆದರೆ ಅದು ಧೂಮಪಾನ, ಕೊಬ್ಬಿನಂಶ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇವುಗಳ ಸಾಲಿನಲ್ಲಿದೆಯೇ ಹೊರತು ಒಂಟಿಯಾಗಿಲ್ಲ. ಸಿಟ್ಟು, ಗಾಬರಿ ಬಂದಾಗ ಅಡ್ರಿನಲಿನ್ ಏರುತ್ತದೆ, ನಾಡಿ ಓಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ಬರುತ್ತದೆ. ರಕ್ತನಾಳದಲ್ಲಿ ವರ್ಷಗಳಿಂದ ಬೆಳೆದ ಕೊಬ್ಬಿನ ಪದರ ಬಿರುಕು ಬಿಡುವುದಕ್ಕೆ ಆ ಗಳಿಗೆ ಸಾಕಾಗಬಹುದು. ಆದರೆ ಆ ಪದರವನ್ನು ವರ್ಷಗಟ್ಟಲೆ ಬೆಳೆಸಿದವನು ನಾನು. ಮಂಡಿಯನ್ನು ಬಿಟ್ಟು ಸಿಗರೇಟನ್ನು ಉಳಿಸಿಕೊಂಡಿದ್ದರೆ ನಾನು ಇಷ್ಟು ಹೊತ್ತಿಗೆ ಇರುತ್ತಿರಲಿಲ್ಲವೇನೋ. ಆದ್ದರಿಂದ ನನ್ನ ಉತ್ತರದ ಮೊದಲ ಭಾಗ ಇದು: ಕೆಲಸವನ್ನು ದೂರುವ ಮೊದಲು ಸಿಗರೇಟು ಬಿಟ್ಟೆ, ಮಾತ್ರೆಗಳನ್ನು ಗಂಟೆ ತಪ್ಪದೆ ತೆಗೆದುಕೊಳ್ಳಲಾರಂಭಿಸಿದೆ, ಉಪ್ಪಿನಕಾಯಿ, ಹಪ್ಪಳಗಳನ್ನು ತಟ್ಟೆಯಿಂದ ತೆಗೆದೆ. ಮುದ್ದೆ, ಸೊಪ್ಪಿನ ಸಾರು ಹಾಗೆಯೇ ಉಳಿದವು. ಸಾರಿನ ಉಪ್ಪು ಅರ್ಧವಾಯಿತು.

ಮನೆಗೆ ಬಂದ ಮೇಲಿನ ಮೂರು ತಿಂಗಳು ನೆಮ್ಮದಿಯಾಗಿದ್ದವು ಎಂದು ತಿಳಿದರೆ ತಪ್ಪು. ಕೆಲಸವಿಲ್ಲದ ಮನುಷ್ಯನಿಗೆ ತನ್ನ ನಾಡಿ ಕೇಳಿಸುತ್ತದೆ. ರಾತ್ರಿ ಎಡ ಮಗ್ಗುಲಾಗಿ ಮಲಗಿದರೆ ದಿಂಬಿನಲ್ಲಿ ಬಡಿತ ಕೇಳಿಸಿ ಎದ್ದು ಕೂರುತ್ತಿದ್ದೆ. ನಾನು ಉಸಿರಾಡುತ್ತಿದ್ದೇನೆಯೇ ಎಂದು ನೋಡಲು ನನ್ನ ಹೆಂಡತಿ ಕತ್ತಲಲ್ಲಿ ನನ್ನ ಎದೆಯ ಮೇಲೆ ಅಂಗೈ ಇಡುತ್ತಿದ್ದಳು. ನಾನು ನಿದ್ದೆ ಬಂದಂತೆ ಮಲಗಿರುತ್ತಿದ್ದೆ. ಬ್ಯಾಂಕಿನ ಸಾಲದ ಕಂತು ನಿಲ್ಲಲಿಲ್ಲ, ಮಗಳ ಕಾಲೇಜು ಶುಲ್ಕ ನಿಲ್ಲಲಿಲ್ಲ. ಹೃದಯಾಘಾತವಾದ ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ, ಅದಕ್ಕೂ ಚಿಕಿತ್ಸೆ ಇದೆ ಎಂದು ವೈದ್ಯರು ಹೇಳಿದ ದಿನ ನನಗೆ ಅರ್ಧ ಭಾರ ಇಳಿದಂತಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ನಾನು ಎರಡು ಸಲ ಮಾತಾಡಿದೆ. ಗಂಡಸರು ಇದನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರಾದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಮರಳುವಾಗ ವೈದ್ಯರು ಮನೆಯಲ್ಲಿಯೂ ಮಂಡಿಯಲ್ಲಿಯೂ ರಕ್ತದೊತ್ತಡ ನೋಡಿ ಬರೆದಿಡಲು ಹೇಳಿದರು. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ ನೋಡಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ ಕುಡಿದಿರಬಾರದು. ಲೆಕ್ಕದವನ ಅಭ್ಯಾಸದಂತೆ ನಾನು ಅಂಕಿಯ ಪಕ್ಕದಲ್ಲಿ ಆ ದಿನ ಎಷ್ಟು ಬಾಕ್ಸ್ ಬಂದವು, ಏನು ನಡೆಯಿತು ಎಂಬುದನ್ನೂ ಬರೆದೆ. 2024ರ ಜೂನ್, ಜುಲೈ ತಿಂಗಳುಗಳ ಆ ಪುಸ್ತಕ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹೆಚ್ಚು ಮಾಲು ಬಂದ ದಿನ ರಕ್ತದೊತ್ತಡ ಏರಿರುತ್ತದೆ ಎಂದು ನಾನು ಎಣಿಸಿದ್ದೆ. 6,200 ಬಾಕ್ಸ್ ಬಂದ ದಿನ ಸಂಜೆ ನಾಲ್ಕು ಗಂಟೆಗೆ 132/84 ಇತ್ತು. 1,900 ಬಾಕ್ಸ್ ಬಂದ ಒಂದು ದಿನ ಅದೇ ಹೊತ್ತಿಗೆ 158/96. ಆ ದಿನದ ಎದುರು ನಾನು ಬರೆದದ್ದು ಇಷ್ಟು: "ಹೊರರಾಜ್ಯದ ಪಾರ್ಟಿಯಿಂದ ದುಡ್ಡು ಬಂದಿಲ್ಲ. 11 ಜನ ರೈತರು ನಿಂತಿದ್ದಾರೆ. ಸಂಜೆಗೆ ಕೊಡುತ್ತೇವೆ ಎಂದು ಹೇಳಿದ್ದೇನೆ."

ಪುಸ್ತಕವನ್ನು ತಿರುವಿ ಹಾಕಿದಷ್ಟೂ ಅದೇ ಕಥೆ. ಬೆವರು ಸುರಿಸಿ ದುಡಿದ ದಿನಗಳು ನನ್ನನ್ನು ಮುಟ್ಟಿಯೇ ಇರಲಿಲ್ಲ. ಮುಟ್ಟಿದ್ದು ನನ್ನ ಕೈಯಲ್ಲಿಲ್ಲದ ಹಣಕ್ಕೆ ನಾನು ಮಾತು ಕೊಟ್ಟ ದಿನಗಳು, ಮತ್ತು ಫೋನು ತಲೆದಿಂಬಿನ ಕೆಳಗಿದ್ದ ರಾತ್ರಿಗಳ ಮರುದಿನ. ಆ ರೈತರಲ್ಲಿ ಒಬ್ಬ ಅಜ್ಜ ಕೈಯಲ್ಲಿ ಪಟ್ಟಿ ಹಿಡಿದುಕೊಂಡು "ಬಸ್ಸು ಹೋಗುತ್ತದೆ ಸ್ವಾಮಿ" ಎಂದಷ್ಟೇ ಹೇಳುತ್ತ ನಿಂತಿದ್ದರು. ಅವರು ಬೈದಿದ್ದರೂ ನನಗೆ ಅಷ್ಟು ಭಾರವಾಗುತ್ತಿರಲಿಲ್ಲ.

ಇದು ನನ್ನೊಬ್ಬನ ಅನುಭವವಲ್ಲ ಎಂದು ನಂತರ ಓದಿ ತಿಳಿದೆ. ಲಂಡನ್ನಿನ ಸರ್ಕಾರಿ ಕಚೇರಿಗಳ ಗಂಡು ನೌಕರರನ್ನು 1967ರಿಂದ ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ಮೇಲಿನ ಅಧಿಕಾರಿಗಳಿಗಿಂತ ಕೊನೆಯ ದರ್ಜೆಯ ಸಂದೇಶವಾಹಕರು, ಬಾಗಿಲು ಕಾಯುವವರು ಹೃದಯದ ಕಾಯಿಲೆಯಿಂದ ಸತ್ತದ್ದು ಮೂರು ಪಟ್ಟಿಗಿಂತ ಹೆಚ್ಚು. ಸಿಗರೇಟು, ರಕ್ತದೊತ್ತಡಗಳ ಲೆಕ್ಕ ತೆಗೆದರೂ ಅಂತರ ಪೂರ್ತಿ ಅಳಿಯಲಿಲ್ಲ. ಬ್ರಿಟನ್ನಿನ ಸಂಶೋಧಕ ಮೈಕೆಲ್ ಮಾರ್ಮಟ್ ಮತ್ತು ಜೊತೆಗಾರರ ಮುಂದಿನ ಅಧ್ಯಯನಗಳು ತೋರಿಸಿದ್ದು, ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು ಹೃದಯಕ್ಕೆ ಅಪಾಯ ಎಂಬುದನ್ನು. ಹೊಣೆ ನಿನ್ನದು, ತೀರ್ಮಾನ ಇನ್ನೊಬ್ಬರದು ಎಂಬ ಸ್ಥಿತಿಯಲ್ಲಿ ಇರುವ ಲೆಕ್ಕದವರು, ಮೇಸ್ತ್ರಿಗಳು, ಬ್ಯಾಂಕಿನ ಕೌಂಟರಿನವರು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ!

ಪುಸ್ತಕವನ್ನು ತೆಗೆದುಕೊಂಡು ಹೋಗಿ ಯಜಮಾನರ ಮುಂದಿಟ್ಟೆ. "ನನಗೆ ಟೆನ್ಶನ್ ಜಾಸ್ತಿ, ಕೆಲಸ ಕಡಿಮೆ ಮಾಡಿ" ಎಂದು ಕೇಳಿದ್ದರೆ ಅವರು ಒಂದು ವಾರ ರಜೆ ಕೊಟ್ಟು ಕಳುಹಿಸುತ್ತಿದ್ದರು. ರಜೆ ಮುಗಿದ ಮೇಲೆ ಎಲ್ಲವೂ ಮೊದಲಿನಂತೆಯೇ ಇರುತ್ತಿತ್ತು. ಅಂಕಿಗಳನ್ನು ನೋಡಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಅಂದು ಮೂರು ಸಂಗತಿಗಳು ತೀರ್ಮಾನವಾದವು. ಹಣ ಬಾಕಿ ಉಳಿದರೆ ಯಾವ ದಿನ ಕೊಡುತ್ತೇವೆ ಎಂದು ಚೀಟಿಯಲ್ಲಿ ಬರೆದು ಯಜಮಾನರೇ ಸಹಿ ಹಾಕಿ ಕೊಡಬೇಕು, ರೈತರಿಗೆ ಅವರೇ ಹೇಳಬೇಕು. ನಾನು ಬಾಯಿಮಾತಿನಲ್ಲಿ "ಸಂಜೆಗೆ" ಎನ್ನುವಂತಿಲ್ಲ. ರಾತ್ರಿ ಲಾರಿಗಳ ಫೋನು ಇಬ್ಬರು ಹುಡುಗರಿಗೆ, ಸರದಿಯಂತೆ. ಒಂದೂವರೆ ಗಂಟೆಗೆ ಅರ್ಧ ತಾಸು ನಾನು ಊಟಕ್ಕೆ ಕುಳಿತರೆ ಯಾರೂ ಕರೆಯಬಾರದು. ಚೀಟಿ ಕೊಡಲಾರಂಭಿಸಿದ ಮೇಲೆ ರೈತರು ಜಗಳವಾಡುವುದೇ ಕಡಿಮೆಯಾಯಿತು. ದಿನ ಗೊತ್ತಾದರೆ ಅವರು ಬಡ್ಡಿಯವರಿಗೆ, ಗೊಬ್ಬರದ ಅಂಗಡಿಯವರಿಗೆ ಅದೇ ದಿನ ಹೇಳಿಕೊಳ್ಳಬಹುದಲ್ಲ. ನನ್ನ ಎದೆಗೆ ಹಿತವಾದದ್ದು ಅವರಿಗೂ ಹಿತವಾಯಿತು ಎಂಬುದು ನನಗೆ ಬಹಳ ಸಂತೋಷದ ಸಂಗತಿ. ಈ ವರ್ಷದ ಪುಸ್ತಕದಲ್ಲಿ ಸಂಜೆಯ ಅಂಕಿ 140 ದಾಟಿದ ದಿನಗಳು ನಾಲ್ಕೇ.

ಪ್ರಾಣಾಯಾಮ ಮಾಡುತ್ತೇನೆ, ಅದರಿಂದ ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಬೆಳಿಗ್ಗೆ ಉಸಿರು ಎಳೆದುಬಿಟ್ಟು ಸಂಜೆ ಅದೇ 11 ಜನರ ಮುಂದೆ ಸುಳ್ಳು ಹೇಳುವ ಸ್ಥಿತಿ ಉಳಿದರೆ ಯಾವ ಆಸನವೂ ಹೃದಯವನ್ನು ಕಾಯಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಡಿಗೆಯ ಮಾತು ಬೇರೆ. ಮೊದಲು ಮನೆಯಿಂದ ರಸ್ತೆ ತಿರುವಿನವರೆಗೆ ಐದು ನಿಮಿಷ, ಆಮೇಲೆ ಹತ್ತು, ಈಗ ಮುಕ್ಕಾಲು ಗಂಟೆ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು ಎಂದು ವೈದ್ಯರು ಹೇಳಿಕೊಟ್ಟಿದ್ದಾರೆ. ಟ್ರೆಡ್‌ಮಿಲ್ ಪರೀಕ್ಷೆಯಾಗಿ ಒಪ್ಪಿಗೆ ಸಿಕ್ಕ ನಂತರ ಒಂದು ಭಾನುವಾರ ಅಂತರಗಂಗೆ ಬೆಟ್ಟದ ಮೆಟ್ಟಿಲುಗಳನ್ನು ಮೂರು ಕಡೆ ಕುಳಿತು ಹತ್ತಿದೆ. ಬಸವನ ಬಾಯಿಂದ ಬೀಳುವ ನೀರನ್ನು ಕೈಯೊಡ್ಡಿ ಹಿಡಿದಾಗ ನನ್ನ ಹೆಂಡತಿ ಮೊದಲ ಸಲ ಜೋರಾಗಿ ಅತ್ತಳು.

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಈ ಪ್ರಶ್ನೆ ಇನ್ನೂ ಹೆಚ್ಚಾಯಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಸರ್ಕಾರದ ತಜ್ಞರ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದಿತು. ಮೃತರಲ್ಲಿ ಹೆಚ್ಚಿನವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನದಂತಹ ಕಾರಣಗಳಿದ್ದವು, ಆಟೊ, ಕ್ಯಾಬ್ ಓಡಿಸುವವರೂ ಅವರಲ್ಲಿ ಗಣನೀಯವಾಗಿದ್ದರು. ಚಾಲಕರ ದಿನಚರಿ ಬಲ್ಲವರಿಗೆ ಇದು ಆಶ್ಚರ್ಯವಲ್ಲ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿವೆ. ಸೀಸನ್ನಿನಲ್ಲಿ ನಾನು ವಾರಕ್ಕೆ 80 ಗಂಟೆ ಮಂಡಿಯಲ್ಲಿರುತ್ತಿದ್ದೆ. ಈಗ 50ಕ್ಕೆ ಇಳಿಸಿದ್ದೇನೆ, ಸಂಬಳದಲ್ಲಿಯೂ ಕಡಿತವಾಗಿದೆ. ಆ ಕಡಿತವನ್ನು ಒಪ್ಪಿಕೊಳ್ಳಲು ಮನೆಯವರೆಲ್ಲ ಕುಳಿತು ಲೆಕ್ಕ ಹಾಕಬೇಕಾಯಿತು.

ಎಲ್ಲರೂ ನನ್ನಂತೆ ಮರಳಬಹುದು ಎಂದು ನಾನು ಹೇಳುವುದಿಲ್ಲ. ನಮ್ಮದೇ ಮಾರುಕಟ್ಟೆಯ ಒಬ್ಬ ಹಮಾಲಿಗೆ ಹೃದಯದ ಪಂಪಿಂಗ್ ಶೇ 30ಕ್ಕೆ ಇಳಿದಿತ್ತು. ಕ್ರೇಟು ಎತ್ತಬಾರದೆಂದು ವೈದ್ಯರು ಖಂಡಿತವಾಗಿ ಹೇಳಿದರು. ಅವರು ಈಗ ಗೇಟಿನಲ್ಲಿ ಲಾರಿ ಎಣಿಸುತ್ತಾರೆ. ಕೆಲಸ ಬಿಡಬೇಕೇ ಬೇಡವೇ ಎಂಬುದನ್ನು ಎಕೋ ಮತ್ತು ಟ್ರೆಡ್‌ಮಿಲ್ ವರದಿ ನೋಡಿದ ವೈದ್ಯರು ಹೇಳಬೇಕು, ನೆಂಟರಲ್ಲ. ಹಾಗೆಯೇ, ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ಹಲ್ಲು ಕೀಳಿಸುವ ಕಾರಣಕ್ಕೂ ತಾವಾಗಿಯೇ ನಿಲ್ಲಿಸಬಾರದು. ಹೃದಯದ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಕೆಲಸಕ್ಕೆ ಮರಳುವ ಮೊದಲು ನಾನು ಹಾಕಿಕೊಂಡ ಒಂದು ಷರತ್ತು ಇದೆ. ನನಗಾದಂತೆ ಇನ್ನೊಬ್ಬರು ಸೋಡಾ ಕುಡಿದು ಕೂರಬಾರದು. ಎದೆಯ ಭಾರ, ದವಡೆ ಅಥವಾ ತೋಳಿನ ಸೆಳೆತ, ತಣ್ಣನೆಯ ಬೆವರು, ಹೆಂಗಸರಾದರೆ ಕೆಲವೊಮ್ಮೆ ಬರಿಯ ವಾಕರಿಕೆ ಮತ್ತು ವಿಪರೀತ ಸುಸ್ತು: ಇಂಥ ಲಕ್ಷಣ ಕಂಡರೆ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು, ರೋಗಿಯನ್ನು ನಡೆಸಬಾರದು, ಬೈಕಿನಲ್ಲಿ ಕೂರಿಸಬಾರದು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಗಿದೆ. ಬೆಂಗಳೂರಿಗೆ ಓಡುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಬೇಕು. ಇದನ್ನೆಲ್ಲ ದಪ್ಪ ಅಕ್ಷರಗಳಲ್ಲಿ ಬರೆಸಿ, ನಮ್ಮ ಮಂಡಿಯಲ್ಲಿ ದಿನದ ದರ ಬರೆಯುವ ಬೋರ್ಡಿನ ಪಕ್ಕದಲ್ಲಿ ಹಾಕಿದ್ದೇವೆ. ದರ ನೋಡಲು ಬಂದವರು ಅದನ್ನೂ ಓದುತ್ತಾರೆ. ಕಳೆದ ತಿಂಗಳು ಪಕ್ಕದ ಮಂಡಿಯವರು ಬಂದು ಅದರ ಫೋಟೊ ತೆಗೆದುಕೊಂಡು ಹೋದರು.