ಹಾಸನದಿಂದ ಟ್ಯೂಬಿಂಗನ್‌ಗೆ: ವಿಮಾನ ಸುಲಭ, ರೈಲಿಗೆ ತಯಾರಾಗಿ

ಮಗಳು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳನ್ನು ನೋಡಲು ನಾನೂ ನಮ್ಮ ಯಜಮಾನರೂ ಹಾಸನದಿಂದ ಹೋಗಿ ಬಂದೆವು. ಹೀಗೇ ಹೊರಟಿರುವ ಅಪ್ಪ ಅಮ್ಮಂದಿರಿಗೆ ಮೊದಲೇ ಹೇಳುತ್ತೇನೆ, ವಿಮಾನದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದರಲ್ಲಿ ಕೂತರೆ ಆಯಿತು. ಕೆಲಸ ಇರುವುದು ಇಳಿದ ಮೇಲೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಹೊರಡುವುದು ನಡುರಾತ್ರಿ ಕಳೆದ ಮೇಲೆ. ಯಶವಂತಪುರದವರೆಗೆ ರೈಲಿನಲ್ಲೂ ಹೋಗಬಹುದು, ಆದರೆ ಅಲ್ಲಿಂದ ದೇವನಹಳ್ಳಿಗೆ ಮತ್ತೆ ಪೆಟ್ಟಿಗೆ ಹೊರಬೇಕು. ಇಬ್ಬರಿದ್ದರೆ ಹಾಸನದಿಂದಲೇ ಟ್ಯಾಕ್ಸಿ ವಾಸಿ. ನೆಲಮಂಗಲದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಹೊರದೇಶದ ವಿಮಾನಗಳು ಟರ್ಮಿನಲ್ 2ರಿಂದ.

ಕಾಫಿಪುಡಿ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ತುಪ್ಪ ಮಾತ್ರ ಬೇಡ, ಹಾಲಿನ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲ. ಮಕ್ಕಳು ಕಳಿಸಿದ ಆಹ್ವಾನ ಪತ್ರ, ಇನ್ಶೂರೆನ್ಸ್, ವಾಪಸ್ ಟಿಕೆಟ್ ಇವೆಲ್ಲ ಕೈಚೀಲದಲ್ಲೇ ಇರಲಿ. ಪಾಸ್‌ಪೋರ್ಟ್ ಕೌಂಟರಿನಲ್ಲಿ ಕೇಳಬಹುದು.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ರೈಲು ನಿಲ್ದಾಣಗಳು ಎರಡು. ನಿಮಗೆ ಬೇಕಾದದ್ದು ದೂರದ ರೈಲುಗಳದ್ದು, ಬೋರ್ಡಿನಲ್ಲಿ ‘ಫೆರ್ನ್‌ಬಾನ್‌ಹೋಫ್’ ಎಂದಿರುತ್ತದೆ. ಅಲ್ಲಿಂದ ಸ್ಟುಟ್‌ಗಾರ್ಟ್‌ಗೆ ಐಸಿಇ ಎನ್ನುವ ವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಆಮೇಲೆ ಟ್ಯೂಬಿಂಗನ್‌ಗೆ ಲೋಕಲ್ ರೈಲು, ಹೆಚ್ಚೆಂದರೆ ಒಂದು ಗಂಟೆ ಹಿಡಿಯುತ್ತದೆ.

ಜರ್ಮನಿಯ ರೈಲು ಗಡಿಯಾರದ ಹಾಗೆ ಅನ್ನುವ ಮಾತು ನಂಬಬೇಡಿ. ತಡವಾಗುವುದು ಅಲ್ಲಿ ಮಾಮೂಲು. ಅದಕ್ಕೇ ಟ್ಯೂಬಿಂಗನ್‌ವರೆಗೂ ಒಂದೇ ಟಿಕೆಟ್ ಮಾಡಿಸಿ, ಎರಡು ತುಂಡು ಮಾಡಬೇಡಿ. ಅಗ್ಗದ ಟಿಕೆಟ್ ಒಂದೇ ರೈಲಿಗೆ ಕಟ್ಟಿರುತ್ತದೆ. ಆದರೆ ಊರು ತಲುಪುವುದು 20 ನಿಮಿಷಕ್ಕಿಂತ ತಡ ಎಂದು ಗೊತ್ತಾದರೆ ಆ ಕಟ್ಟು ಸಡಿಲ, ಅದೇ ಟಿಕೆಟ್‌ನಲ್ಲಿ ಮುಂದಿನ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ದುಡ್ಡು ವಾಪಸ್ ಕೇಳಬಹುದು. ವಿಮಾನ ತಡವಾದರೆ ಮಾತ್ರ ರೈಲಿನವರು ಕೇಳುವುದಿಲ್ಲ. ಹಾಗಾಗಿ ಆ ದಿನಕ್ಕೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಯಾವ ರೈಲಿಗಾದರೂ ನಡೆಯುವ ಟಿಕೆಟ್ಟೇ ಒಳ್ಳೆಯದು. ಸೀಟು ರಿಸರ್ವೇಶನ್ ಬೇರೆ, ಟಿಕೆಟ್ ಬೇರೆ. ಎರಡೂ ಮಾಡಿಸಿ, ಇಲ್ಲದಿದ್ದರೆ ಪೆಟ್ಟಿಗೆ ಹಿಡಿದು ನಿಂತೇ ಹೋಗಬೇಕಾದೀತು. ಪೋರ್ಟರ್‌ಗಳನ್ನು ಹುಡುಕಬೇಡಿ, ನಿಮ್ಮ ಪೆಟ್ಟಿಗೆ ನೀವೇ ಎತ್ತುವಷ್ಟು ತೂಕ ಇರಲಿ.

ಸ್ಟುಟ್‌ಗಾರ್ಟ್‌ನಲ್ಲಿ ಹೊಸ ನಿಲ್ದಾಣದ ಕಾಮಗಾರಿ 2010ರಲ್ಲಿ ಶುರುವಾಗಿದ್ದು, ನಾವು ಹೋದಾಗಲೂ ಮುಗಿದಿರಲಿಲ್ಲ! ಕಾಫಿ ಕುಡಿಯೋಣ ಅಂತ ಸುಮ್ನೆ ಹೊರಗೆ ಹೋಗಬೇಡಿ, ನಡಿಗೆ ಬಹಳ ದೂರ.

ಟ್ಯೂಬಿಂಗನ್ ಸ್ಟೇಷನ್ ಎದುರಿಗೇ ಟ್ಯಾಕ್ಸಿ ಸಿಗುತ್ತದೆ. ಮೀಟರ್ ಪ್ರಕಾರ, ಚೌಕಾಸಿ ಇಲ್ಲ. ವಿಜ್ಞಾನ ವಿಭಾಗಗಳೂ ಆಸ್ಪತ್ರೆಗಳೂ ಗುಡ್ಡದ ಮೇಲಿವೆ, ಅಲ್ಲಿಗಾದರೆ ಟ್ಯಾಕ್ಸಿ ಅಥವಾ ಬಸ್ಸೇ ಸರಿ. ಹಳೇ ಪೇಟೆಗೆ ನೆಕರ್ ಹೊಳೆಯ ಸೇತುವೆ ದಾಟಿ ನಡೆದೇ ಹೋಗಬಹುದು. ಆದರೆ ಕಲ್ಲು ಹಾಸಿದ ಬೀದಿಯಲ್ಲಿ ಪೆಟ್ಟಿಗೆಯ ಚಕ್ರ ಉರುಳುವುದು ಕಷ್ಟ.

ವಿಶ್ವವಿದ್ಯಾಲಯ 1477ರದು. ‘ಮಂಗಳೂರ ಸಮಾಚಾರ’ದ ಮೋಗ್ಲಿಂಗರಿಗೆ 1858ರಲ್ಲಿ, ನಿಘಂಟಿನ ಕಿಟ್ಟೆಲ್ಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ. ಕಿಟ್ಟೆಲ್ ತೀರಿಕೊಂಡದ್ದೂ ಇದೇ ಊರಿನಲ್ಲಿ, 1903ರಲ್ಲಿ. ಅಷ್ಟು ದೂರ ಹೋದವರು ಇದನ್ನು ನೆನೆಯದೆ ಬರುವುದು ಹೇಗೆ, ಅಲ್ವಾ?

ಸಾಧ್ಯವಾದರೆ ಭಾನುವಾರ ಇಳಿಯುವ ಟಿಕೆಟ್ ತೆಗೆಯಬೇಡಿ. ಅವತ್ತು ದಿನಸಿ ಅಂಗಡಿಗಳೆಲ್ಲ ಹೆಚ್ಚುಕಡಿಮೆ ಮುಚ್ಚಿರುತ್ತವೆ. ಮಕ್ಕಳಿಗೆ ಶನಿವಾರವೇ ಹಾಲು, ಅಕ್ಕಿ ತಂದಿಡಲು ಹೇಳಿ.