ಮತ್ತೆ ಹಾರಲೋ, ಸ್ವಲ್ಪ ತಡೆಯಲೋ?

ಫೆಬ್ರವರಿ 20ಕ್ಕೆ ಥಾಯ್ಲೆಂಡಿಗೆ ಟಿಕೆಟ್ ಇದೆ. ಅಲ್ಲಿ ಸ್ಕೈಡೈವಿಂಗ್ ಮಾಡುವಾಗ ಪ್ಯಾರಾಚೂಟ್ ಕೈಕೊಟ್ಟು ಇನ್ನೂ ತಿಂಗಳಾಗಿಲ್ಲ, ಆಗಲೇ ಮತ್ತೆ ವಿಮಾನದ ಬಾಗಿಲಲ್ಲಿ ನಿಲ್ಲಬೇಕಾ ಬೇಡವಾ ಅನ್ನೋದು ಇಷ್ಟು ದಿನ ನನ್ನ ತಲೆ ತಿಂದ ಪ್ರಶ್ನೆ. ನಮ್ಮ ಮನೆ ಆಲ್ದೂರಿನ ಹತ್ತಿರ. ಕಾಫಿ ಒಣಗಿ ಮೂಟೆ ಸೇರಿದೆ, ಮೆಣಸಿನ ಕುಯ್ಲು ನಡೆಯುತ್ತಿದೆ. ಕಣದ ಪಕ್ಕದ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಗಿದ್ದನ್ನು ಹೇಳಿಬಿಡುತ್ತೇನೆ. ಅದು ನನ್ನ 43ನೇ ಜಿಗಿತ. 13,000 ಅಡಿಯಲ್ಲಿ ವಿಮಾನ ಬಿಟ್ಟೆವು. ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್, ಒಂದು ನಿಮಿಷದೊಳಗೇ ಪ್ಯಾರಾಚೂಟ್ ತೆಗೆಯುವ ಎತ್ತರ ಬಂದುಬಿಡುತ್ತದೆ. 4,500 ಅಡಿಗೆ ಪೈಲಟ್ ಚೂಟ್ ಎಸೆದೆ. ಅದೊಂದು ಪುಟ್ಟ ಛತ್ರಿಯಂಥ ಬಟ್ಟೆ, ಗಾಳಿ ಹಿಡಿದು ಬೆನ್ನಿನ ಚೀಲದಿಂದ ದೊಡ್ಡದನ್ನು ಎಳೆದು ತರುತ್ತದೆ. ಯಾವಾಗಿನಂತೆ ಯಾರೋ ಭುಜ ಹಿಡಿದು ಎತ್ತಿದ ಹಾಗಾಯಿತು. ಆಮೇಲೆ ನಾನು ಬಲಕ್ಕೆ ತಿರುಗತೊಡಗಿದೆ. ತಲೆಯೆತ್ತಿ ನೋಡಿದರೆ, ಚೌಕವಾಗಿ ಹರಡಿಕೊಳ್ಳಬೇಕಾಗಿದ್ದ ಬಟ್ಟೆ ನಡುವೆ ದಾರ ಕಟ್ಟಿ ಬಿಗಿದ ಹಾಗೆ ಎರಡು ಉಂಡೆಯಾಗಿತ್ತು. ನಿಜಕ್ಕೂ ದಾರವೇ ಬಿಗಿದಿತ್ತು. ಕೆಳಗೆ ಇರಬೇಕಾದ ಒಂದು ದಾರ ಬಟ್ಟೆಯ ಮೇಲಿಂದ ಹಾದು ಬಂದಿತ್ತು. ಇದಕ್ಕೆ ಲೈನ್ ಓವರ್ ಅನ್ನುತ್ತಾರೆ.

ಎರಡೂ ಬ್ರೇಕ್, ಅಂದರೆ ಪ್ಯಾರಾಚೂಟನ್ನು ತಿರುಗಿಸುವ, ನಿಧಾನಿಸುವ ದಾರಗಳನ್ನು, ಬಿಡಿಸಿ ಜೋರಾಗಿ ಎಳೆದೆ. ಸರಿಹೋಗಲಿಲ್ಲ. ಮತ್ತೆ ಎಳೆದೆ. ಸುತ್ತು ಜಾಸ್ತಿಯಾಯಿತು, ಕಾಲು ಹೊರಕ್ಕೆ ಬೀಸಿಹೋಗುತ್ತಿತ್ತು. ಕೊನೆಗೆ ಬಲಗಡೆಯ ಕೆಂಪು ಹಿಡಿಯನ್ನು ನೋಡಿದೆ, ಹಿಡಿದೆ, ಎಳೆದೆ. ಮೇನ್, ಅಂದರೆ ಆ ದೊಡ್ಡ ಪ್ಯಾರಾಚೂಟ್, ಕಳಚಿಕೊಂಡು ಹೋಯಿತು. ಅದು ಹೋಗುವಾಗ ಒಂದು ಪಟ್ಟಿಯಿಂದ ರಿಸರ್ವ್‌ನ, ಅಂದರೆ ಆಪತ್ತಿಗೆಂದು ಇರುವ ಎರಡನೇ ಪ್ಯಾರಾಚೂಟಿನ, ಪಿನ್ ಎಳೆದುಕೊಂಡೇ ಹೋಗುತ್ತದೆ, ಆದರೂ ಎಡಗಡೆಯ ಹಿಡಿಯನ್ನು ನಾವೇ ಎಳೆಯಬೇಕು ಅಂತ ಮೊದಲ ದಿನದಿಂದ ಕಲಿಸಿರುತ್ತಾರೆ, ಹಾಗಾಗಿ ಅದನ್ನೂ ಎಳೆದೆ. ಮರಗೆಣಸಿನ ಹೊಲದಲ್ಲಿ ಇಳಿದೆ. ಮೊಣಕೈ ತರಚಿತ್ತು, ಅಷ್ಟೇ.

ಅಷ್ಟು ಭಾರ ತೂಗುತ್ತಿರುವಾಗ ಒಂದು ಹಿಡಿ ಎಳೆದರೆ ಇಡೀ ಪ್ಯಾರಾಚೂಟ್ ಸಲೀಸಾಗಿ ಕಳಚುತ್ತದಲ್ಲ, ಅದಕ್ಕೆ ಕಾರಣ ಭುಜದ ಹತ್ತಿರ ಇರುವ ಮೂರು ಉಂಗುರ. ದೊಡ್ಡದಕ್ಕೆ ನಡುವಿನದು, ನಡುವಿನದಕ್ಕೆ ಚಿಕ್ಕದು ಸಿಕ್ಕಿಸಿಕೊಂಡಿರುತ್ತವೆ. ಒಂದೊಂದೂ ಭಾರವನ್ನು ಕಡಿಮೆ ಮಾಡುತ್ತಾ ಹೋಗಿ, ಕೊನೆಗೆ ಒಂದು ಸಣ್ಣ ದಾರದ ಕುಣಿಕೆ ಹಿಡಿದುಕೊಳ್ಳುವಷ್ಟು ಮಾತ್ರ ಉಳಿಸುತ್ತವೆ. 1970ರ ದಶಕದಲ್ಲಿ ಅಮೆರಿಕದ ಬಿಲ್ ಬೂತ್ ಮಾಡಿದ್ದು ಇದು. ಅವರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈ ಮುಗಿದಿದ್ದೇನೋ ಲೆಕ್ಕವಿಲ್ಲ.

ಊರಿಗೆ ಬಂದ ಮೇಲೆ ಎರಡು ಥರದ ಮಾತು ಕೇಳಿದೆ. ಜೊತೆಗೆ ಹಾರುವವರೆಲ್ಲ, ಬೇಗ ಹೋಗು, ತಡಮಾಡಿದಷ್ಟೂ ಹೆದರಿಕೆ ಬೇರು ಬಿಡುತ್ತೆ ಅಂದರು. ಚಿಕ್ಕಮ್ಮ, ಅತ್ತೆ ಎಲ್ಲ, ದೇವರು ಒಂದು ಸಲ ಕಾಪಾಡಿದ್ದಾನೆ, ಅವನನ್ನು ಮತ್ತೆ ಮತ್ತೆ ಕೇಳಬಾರದು ಅಂದರು. ಇಬ್ಬರೂ ನನ್ನ ಮೇಲಿನ ಪ್ರೀತಿಗೇ ಹೇಳಿದ್ದು. ಆದರೆ ಇಬ್ಬರೂ ಹೆದರಿಕೆಯ ಬಗ್ಗೆಯೇ ಮಾತಾಡುತ್ತಿದ್ದರು. ನನಗೆ ನಿದ್ದೆ ಕೆಡಿಸಿದ್ದು ಅದಲ್ಲ.

ಅದೇನು ಅಂತ ಗೊತ್ತಾಗಿದ್ದು ಮುಳ್ಳಯ್ಯನಗಿರಿಯಲ್ಲಿ. ಹೋದ ವಾರ ಬೆಳಿಗ್ಗೆ ಒಬ್ಬಳೇ ಹೋಗಿದ್ದೆ. ಬೆಟ್ಟ 1,930 ಮೀಟರ್, ಕೆಳಗೆ ಕಾಣುವ ಚಿಕ್ಕಮಗಳೂರು ಊರಿಗಿಂತ ಹೆಚ್ಚೂಕಮ್ಮಿ 2,700 ಅಡಿ ಮೇಲೆ. ದೇವಸ್ಥಾನದ ಪಕ್ಕ ನಿಂತು ಕೆಳಗೆ ನೋಡುವಾಗ ಹೊಳೆಯಿತು, ನಾನು ಕೆಂಪು ಹಿಡಿ ಎಳೆದಾಗ ನೆಲ ಇಷ್ಟೇ ದೂರದಲ್ಲಿತ್ತು. ತಿರುಗುತ್ತಿದೆ ಅಂತ ಗೊತ್ತಾದಾಗ ಕೈಯಲ್ಲಿದ್ದ ಆಲ್ಟಿಮೀಟರ್ 3,900 ತೋರಿಸುತ್ತಿತ್ತು. ಹಿಡಿ ಎಳೆದಾಗ 2,800. ನನ್ನಂಥ ಹೊಸಬರಿಗೆ 2,500 ಅಡಿ ಅನ್ನೋದು ಗೆರೆ. ಅಷ್ಟರೊಳಗೆ ತೀರ್ಮಾನ ಮಾಡಿ ಕೈ ಹಾಕಿರಬೇಕು, ಆಮೇಲೆ ಯೋಚಿಸುವ ಹಾಗಿಲ್ಲ. ನಾನು ಆ ಗೆರೆಗೆ 300 ಅಡಿ ಮೇಲಿದ್ದೆ. ಇನ್ನೊಂದು ಸಲ ಎಳೆದರೆ ಸರಿಹೋಗುತ್ತೆ, ಇನ್ನೊಂದೇ ಸಲ ಅಂತ ನಾಲ್ಕು ಸಲ ಬ್ರೇಕ್ ಎಳೆದು 1,100 ಅಡಿ ಕಳೆದಿದ್ದೆ.

ಬಟ್ಟೆ ಕೈಕೊಟ್ಟಿತು, ನಿಜ. ಅದು ಯಾರಿಗೂ ಆಗಬಹುದು, ಅದಕ್ಕೇ ಎರಡು ಪ್ಯಾರಾಚೂಟ್ ಇರೋದು. ನನ್ನ ಕೈ ತಡಮಾಡಿದ್ದು ಬೇರೆ ವಿಷಯ.

ಪ್ಯಾಕಿಂಗ್ ಬಗ್ಗೆಯೂ ಹೇಳಬೇಕು. ಮೇನ್ ಪ್ಯಾಕ್ ಮಾಡಿದ್ದು ನಾನೇ. ಹೊಲದಿಂದ ಅದನ್ನು ಹುಡುಕಿ ತಂದ ಮೇಲೆ ರಿಗ್ಗರ್, ಅಂದರೆ ಪ್ಯಾರಾಚೂಟ್ ಪರೀಕ್ಷಿಸಿ ಮಡಿಸುವ ಪರಿಣತರು, ನೋಡಿದರು. ಬಟ್ಟೆಯ ಮೇಲೆ ದಾರ ಉಜ್ಜಿ ಸುಟ್ಟ ಗೆರೆ ಇತ್ತು. ನಿನ್ನ ಪ್ಯಾಕಿಂಗೇ ಕಾರಣ ಅಂತ ಹೇಳೋಕಾಗಲ್ಲ, ಚೆನ್ನಾಗಿ ಪ್ಯಾಕ್ ಮಾಡಿದರೂ ಒಮ್ಮೊಮ್ಮೆ ಹೀಗಾಗುತ್ತೆ ಅಂದರು. ಆದರೆ ಆ ಮಧ್ಯಾಹ್ನ ಹೇಗೆ ಪ್ಯಾಕ್ ಮಾಡಿದ್ದೆ ಅನ್ನೋದು ನನಗೆ ಗೊತ್ತು. ಬಿಸಿಲು, ಬೆವರು, ಮುಂದಿನ ಸರದಿಗೆ ಹೆಸರು ಕೊಟ್ಟಾಗಿತ್ತು, ಬ್ರೇಕ್ ದಾರಗಳು ಮಡಿಕೆಯ ನಡುವೆ ಸರಿಯಾಗಿ ಕೂತಿವೆಯಾ ಅಂತ ಇನ್ನೊಮ್ಮೆ ಕೈಯಾಡಿಸಿ ನೋಡದೆ ಸುತ್ತಿ ಚೀಲಕ್ಕೆ ತುಂಬಿದೆ.

ನಮ್ಮ ತೋಟಕ್ಕೆ ಮೆಣಸು ಕುಯ್ಯಲು ಬರುವ ಅಣ್ಣ ಎರಡು ವರ್ಷದ ಹಿಂದೆ ಸಿಲ್ವರ್ ಮರದಿಂದ ಬಿದ್ದಿದ್ದರು. ಒಂಟಿ ಬಿದಿರಿನ ಏಣಿ, ತುದಿಯನ್ನು ಮರಕ್ಕೆ ಬಿಗಿದಿದ್ದ ಹಗ್ಗ ಸಡಿಲವಾಗಿತ್ತು. ಆ ವರ್ಷದ ಕುಯ್ಲು ಪೂರ್ತಿ ಮನೆಯಲ್ಲೇ ಇದ್ದರು. ಮೊನ್ನೆ ಕಾಫಿ ಕೊಡುವಾಗ ಕೇಳಿದೆ, ಮತ್ತೆ ಹತ್ತುವಾಗ ಹೆದರಿಕೆ ಆಗಲಿಲ್ವಾ ಅಣ್ಣಾ ಅಂತ. "ಆಯ್ತಲ್ಲಮ್ಮಾ, ಈಗ್ಲೂ ಆಗುತ್ತೆ. ಏಣಿ ಮಾತ್ರ ಬೇರೆ ಮಾಡಿಸ್ಕೊಂಡೆ. ಹಗ್ಗ ನಾನೇ ಕಟ್ಟೋದು, ಕಟ್ಟಿ ಮೂರು ಸಲ ಜಗ್ಗಿ ನೋಡ್ತೀನಿ" ಅಂದರು. ಲೋಟ ಇಟ್ಟು ಮತ್ತೆ ಮರಕ್ಕೆ ಹೋದರು.

ಅವತ್ತು ಸಂಜೆಯಿಂದ ಶುರು ಮಾಡಿದೆ. ಹಳೇ ಬ್ಯಾಗಿನ ಪಟ್ಟಿಗೆ ಬಲಕ್ಕೊಂದು ಕೆಂಪು ಬಟ್ಟೆ, ಎಡಕ್ಕೊಂದು ಬಳೆ ಹೊಲಿದುಕೊಂಡೆ. ಕಣದಲ್ಲಿ ನಿಲ್ಲುತ್ತೇನೆ. ಅಪ್ಪ ಜಗಲಿಯಲ್ಲಿ ಮೆಣಸು ಹಸನು ಮಾಡುತ್ತಾ, ನಾನು ಅಂದುಕೊಳ್ಳದ ಹೊತ್ತಿಗೆ "ಹೂಂ!" ಅನ್ನುತ್ತಾರೆ. ತಲೆಯೆತ್ತಬೇಕು, ಕೆಂಪು ನೋಡಬೇಕು, ಹಿಡಿಯಬೇಕು, ಎಡದ್ದು ನೋಡಬೇಕು, ಎಳೆಯಬೇಕು, ಎಳೆಯಬೇಕು. ಮೊದಲ ದಿನ ಅಪ್ಪನ ಮೊಬೈಲಿನಲ್ಲಿ ಆರು ಸೆಕೆಂಡ್ ಬಂತು. ನಿನ್ನೆ ಮೂರಕ್ಕಿಂತ ಕಡಿಮೆ. ನನ್ನ ಲೆಕ್ಕದಲ್ಲಿ ಈ ಮೂರು ಸೆಕೆಂಡಿಗೆ ಇರುವ ಬೆಲೆ ಧೈರ್ಯದ ಮಾತಿಗಿಲ್ಲ.

ತೀರ್ಮಾನಕ್ಕೆ ಬಂದಿದ್ದು ಹೀಗೆ. 20ಕ್ಕೆ ಹೋಗುತ್ತೇನೆ. ಆದರೆ ಮೊದಲ ದಿನ ಹಾರುವುದಿಲ್ಲ. ಬೋಧಕರ ಮುಂದೆ ಐದು ಸಲ ಪ್ಯಾಕ್ ಮಾಡಿ ಬಿಚ್ಚುತ್ತೇನೆ, ಅವರು ಸಾಲದು ಅಂದರೆ ಹತ್ತು ಸಲ. ತೂಗುಹಾಕಿದ ಹಾರ್ನೆಸ್‌ನಲ್ಲಿ, ಅಂದರೆ ಮೈಗೆ ಬಿಗಿಯುವ ಪಟ್ಟಿಗಳಲ್ಲಿ, ನನ್ನ ಕೈ ಹೇಗೆ ಓಡುತ್ತೆ ಅಂತ ಅವರೇ ನೋಡಲಿ. ಸರಿ ಅಂದರೆ ಮಾರನೆಯ ದಿನ ಒಬ್ಬಳೇ ಹಾರುತ್ತೇನೆ, ಗುಂಪಿನ ಜೊತೆ ಅಲ್ಲ, ಬೇರೆಯವರಿಗೆ ಮೊದಲೇ ತಿಳಿಸಿ 5,500 ಅಡಿಗೇ ತೆಗೆಯುತ್ತೇನೆ. ಬಾಗಿಲ ಹತ್ತಿರ ಬಂದಾಗ ಮನಸ್ಸು ಒಪ್ಪದಿದ್ದರೆ ವಿಮಾನದಲ್ಲೇ ಕೂತು ಇಳಿಯುತ್ತೇನೆ. ಹಾಗೆ ಇಳಿದವರನ್ನು ಯಾರೂ ಏನೂ ಕೇಳಿದ್ದು ನಾನು ನೋಡಿಲ್ಲ. ನಿಮಗೂ ಹೀಗೇ ಆಗಿದ್ದರೆ, ಎಷ್ಟು ದಿನ ಕಳೆಯಿತು ಅಂತ ಎಣಿಸಬೇಡಿ, ಅವತ್ತು ಎಷ್ಟು ಅಡಿ ಕಳೆದಿರಿ ಅಂತ ಮೊದಲು ಲೆಕ್ಕ ಹಾಕಿ.

ಅಮ್ಮನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ನಿನ್ನೆ ರಾತ್ರಿ ಕಡುಬು ಬಡಿಸುತ್ತಾ ಒಂದೇ ಪ್ರಶ್ನೆ ಕೇಳಿದರು. "ನಿಂಗೆ ಮೇಲೇ ಪ್ರಜ್ಞೆ ತಪ್ಪಿದ್ರೆ?" ಚೀಲದೊಳಗೆ ಒಂದು ಯಂತ್ರ ಇದೆ, 750 ಅಡಿಗೆ ಬಂದರೂ ಇನ್ನೂ ಜೋರಾಗಿ ಬೀಳುತ್ತಿದ್ದರೆ ಅದೇ ರಿಸರ್ವ್ ಬಿಚ್ಚುತ್ತೆ ಅಂದೆ. 750 ಅಂದರೆ ಎಷ್ಟು ಅಂತ ಕೇಳಿದರು. ಶ್ರವಣಬೆಳಗೊಳದ ಗೊಮ್ಮಟ 58 ಅಡಿ, ಅಂಥ ಹದಿಮೂರು ಒಂದರ ಮೇಲೊಂದು ನಿಲ್ಲಿಸಿದ ಹಾಗೆ ಅಂದೆ. ಅಮ್ಮ ಸುಮ್ಮನೆ ಇನ್ನೊಂದು ಕಡುಬು ಹಾಕಿದರು. ಸಮಾಧಾನ ಆಯಿತು ಅಂತ ನಾನು ಹೇಳಲಾರೆ.

ಅಪ್ಪ ಕೇಳಿದರು, "ಆ ಎರಡನೇದನ್ನ ಮಡಿಸಿಟ್ಟಿದ್ದು ಯಾರು?"

ರಿಸರ್ವ್ ನಾವು ಮಡಿಸುವ ಹಾಗಿಲ್ಲ, ಪರವಾನಗಿ ಇರುವ ರಿಗ್ಗರೇ ಮಡಿಸಿ ಕೆಂಪು ದಾರ ಕಟ್ಟಿ ಸೀಸದ ಮುದ್ರೆ ಒತ್ತಿರುತ್ತಾರೆ, ಜೀವ ಉಳಿಸಿದ ರಿಗ್ಗರಿಗೆ ಒಂದು ಬಾಟಲಿ ಕೊಡುವುದು ನಮ್ಮಲ್ಲಿ ಪದ್ಧತಿ, ಅವತ್ತು ಗಡಿಬಿಡಿಯಲ್ಲಿ ಕೊಡಲಾಗಲಿಲ್ಲ ಅಂದೆ.

ಬೆಳಿಗ್ಗೆ ಎದ್ದಾಗ ಅಮ್ಮ ಒಲೆಯ ಮುಂದೆ ನಮ್ಮ ತೋಟದ ಬೀಜ ಹುರಿಯುತ್ತಿದ್ದರು, ಮನೆಯೆಲ್ಲ ಘಮ. ಈಗ ಅರ್ಧರ್ಧ ಕೆಜಿಯ ಎರಡು ಪೊಟ್ಟಣ ನನ್ನ ಸೂಟ್‌ಕೇಸಿನ ಮೇಲಿವೆ. ಎರಡು ಯಾಕಮ್ಮ ಅಂತ ಕೇಳಿದೆ. "ಒಂದು ಮಡಿಸಿದವರಿಗೆ. ಈ ಸಲ ಮಡಿಸೋರು ಬೇರೆ ಯಾರಾದ್ರೂ ಆದ್ರೆ, ಅವ್ರಿಗೆ ಮುಂಚೇನೇ ಕೊಡು."